ಜಿಂಜರ್: ಮನೆಯ ‘ಇಂಜಿ’ ಇಂಗ್ಲಿಷಿಗೆ ಹೋದ ದಾರಿ

ಇಂಗ್ಲಿಷ್ ಮೀಡಿಯಂನಲ್ಲಿ ಕಲಿಯುವ ಎಷ್ಟೋ ಮಕ್ಕಳಿಗೆ ಅಂಗಡಿಯಲ್ಲಿ ‘ಇಂಜಿ’ ಅಂತ ಕೇಳಲು ನಾಚಿಕೆ. ‘ಜಿಂಜರ್’ ಅಂದರೆ ಮರ್ಯಾದೆ ಜಾಸ್ತಿ ಅನ್ನುವ ಭಾವನೆ. ಆದರೆ ಜಿಂಜರ್ ಹುಟ್ಟಿದ್ದೇ ಇಂಜಿಯ ಕುಟುಂಬದಲ್ಲಿ.

ಹಸಿ ಶುಂಠಿಗೆ ತಮಿಳು, ಮಲಯಾಳಂನಲ್ಲಿ ಇಂಜಿ ಅನ್ನುತ್ತಾರೆ. ಬಹಳ ಹಿಂದೆ ಈ ಪದದ ಮೊದಲಿಗೆ ‘ಚ’ಕಾರ ಇತ್ತು, ಕ್ರಮೇಣ ಅದು ಬಿದ್ದುಹೋಯಿತು ಅನ್ನುವುದು ಭಾಷಾತಜ್ಞರ ಅಭಿಪ್ರಾಯ. ಆ ಹಳೆಯ ರೂಪಕ್ಕೆ ‘ವೇರ್’, ಅಂದರೆ ಬೇರು, ಸೇರಿಕೊಂಡು ಪಾಲಿಯಲ್ಲಿ ‘ಸಿಂಗಿವೇರ’ ಆಯಿತು, ಸಂಸ್ಕೃತದಲ್ಲಿ ‘ಶೃಂಗವೇರ’. ಗಡ್ಡೆ ಕೊಂಬಿನ ಹಾಗಿದೆ, ಅದಕ್ಕೇ ‘ಶೃಂಗ’ ಅನ್ನುವ ವಿವರಣೆ ಆಮೇಲೆ ಹುಟ್ಟಿದ್ದು.

ಅಲ್ಲಿಂದ ಮುಂದೆ ಪದವನ್ನು ಹೊತ್ತುಕೊಂಡು ಹೋದವರು ವ್ಯಾಪಾರಿಗಳು. ಗ್ರೀಕರ ಬಾಯಲ್ಲಿ ಅದು ‘ಝಿಂಗಿಬೆರಿಸ್’ ಆಯಿತು, ಅಲ್ಲಿಂದ ಲ್ಯಾಟಿನ್‌ಗೆ ಹೋಯಿತು. ಒಂದನೇ ಶತಮಾನದ ರೋಮನ್ ಲೇಖಕ ಪ್ಲಿನಿ ರೇಟನ್ನೂ ಬರೆದಿಟ್ಟಿದ್ದಾನೆ: ಒಂದು ಪೌಂಡ್ ಕರಿಮೆಣಸಿಗೆ 4 ದಿನಾರಿಯಸ್, ಶುಂಠಿಗೆ 6. ಅರಬಿಯ ‘ದೀನಾರ್’ ಬಂದದ್ದೂ ಇದೇ ನಾಣ್ಯದ ಹೆಸರಿನಿಂದ. ಲ್ಯಾಟಿನ್‌ನಿಂದ ಹಳೆಯ ಇಂಗ್ಲಿಷಿಗೆ ಬಂದಾಗ ‘ಜಿಂಜಿಫೆರ್’ ಆದ ಪದ, ಫ್ರೆಂಚ್ ಪ್ರಭಾವವೂ ಸೇರಿ ಕೊನೆಗೆ ‘ಜಿಂಜರ್’ ಆಗಿ ನಿಂತಿತು. 1952ರಲ್ಲಿ ಅಲನ್ ರಾಸ್ ಎಂಬ ವಿದ್ವಾಂಸರು ಈ ಒಂದೇ ಪದದ ಮೇಲೆ ಪುಸ್ತಕ ಬರೆದರು.

ಇದೇ ಪದದ ಇನ್ನೊಂದು ಕವಲು ಪರ್ಷಿಯನ್, ಅರಾಮಿಕ್ ಭಾಷೆಗಳನ್ನು ದಾಟಿ ಅರಬಿಯಲ್ಲಿ ‘ಝಂಜಬೀಲ್’ ಆಯಿತು. ಪವಿತ್ರ ಕುರ್‌ಆನಿನ ಸೂರಃ ಅಲ್ ಇನ್ಸಾನ್‌ನ 17ನೇ ಆಯತ್‌ನಲ್ಲಿ ಸ್ವರ್ಗವಾಸಿಗಳ ಪಾನೀಯಕ್ಕೆ ಬೆರೆಸಿರುವುದು ಇದೇ ಝಂಜಬೀಲ್. ಇದು ಪರ್ಷಿಯನ್‌ನಿಂದ ಬಂದ ಪದ ಎಂದು ಹೇಳಿದ ವಿದ್ವಾಂಸರ ಮಾತನ್ನು 1505ರಲ್ಲಿ ನಿಧನರಾದ ಇಮಾಮ್ ಸುಯೂತಿಯವರೂ ದಾಖಲಿಸಿದ್ದಾರೆ. ಪದ ಹೊರಗಿನದು ಅಂತ ಒಪ್ಪಿಕೊಳ್ಳಲು ಈ ವಿದ್ವಾಂಸರು ಹಿಂಜರಿಯಲಿಲ್ಲ.

‘ಎಲ್ಲಾ ಪದವೂ ಅರಬಿಯಿಂದ’, ‘ಎಲ್ಲವೂ ಸಂಸ್ಕೃತದಿಂದ’ ಅನ್ನುವ ವಾಟ್ಸಾಪ್ ಸಂದೇಶಗಳನ್ನು ಫಾರ್ವರ್ಡ್ ಮಾಡುವ ಮೊದಲು ಯುವಕರು ಮೂರು ಪ್ರಶ್ನೆ ಕೇಳಬೇಕು. ಪದದ ಅತ್ಯಂತ ಹಳೆಯ ದಾಖಲೆ ಎಲ್ಲಿದೆ? ಒಂದು ಅಕ್ಷರ ಬದಲಾದ ರೀತಿಯಲ್ಲೇ ಬೇರೆ ಪದಗಳಲ್ಲೂ ಬದಲಾಗಿದೆಯಾ? ಆ ವಸ್ತು ಯಾವ ದಾರಿಯಲ್ಲಿ ಸಾಗಿತು? ಬರೀ ಕೇಳಲು ಒಂದೇ ಥರ ಇದ್ದರೆ ಸಾಲದು.

ಮಲಯಾಳಂಗೆ ಹತ್ತಿರದ ಬ್ಯಾರಿ ಭಾಷೆಯನ್ನು ಮನೆಯಲ್ಲಿ ಆಡುವ ಮಕ್ಕಳು ಇಂಜಿ ಅನ್ನಲು ನಾಚಬೇಕಾಗಿಲ್ಲ. ರೋಮ್, ಮಕ್ಕಾ, ಲಂಡನ್ ಎಲ್ಲವೂ ಈ ಪದವನ್ನು ಸಾಲ ಪಡೆದಿವೆ.