ನೀರಿನೊಳಗಿನ ಗದ್ದಲ

ಏಕನಾಥರ ಪೈಠಣದಲ್ಲಿ ಗೋದಾವರಿಯ ಸ್ನಾನಕ್ಕೆ ಇಳಿದಾಗ ದೂರದಲ್ಲೊಂದು ಯಂತ್ರದ ದೋಣಿ ಸಾಗಿದರೆ, ಓದುಗರು ಒಮ್ಮೆ ಮುಳುಗು ಹಾಕಿ ಆಲಿಸಬೇಕು. ಮೇಲೆ ಕ್ಷೀಣವಾಗಿದ್ದ ಸದ್ದು ನೀರಿನೊಳಗೆ ಕಿವಿಯ ಪಕ್ಕದಲ್ಲೇ ಮೊರೆಯುತ್ತದೆ. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವ ಶಬ್ದವು ನೀರಿನಲ್ಲಿ ಸುಮಾರು 1,500 ಮೀಟರ್ ಸಾಗುತ್ತದೆ. ನೀರಿನಲ್ಲಿ ಹುಟ್ಟಿದ ಸದ್ದಿನ ಬಹುಪಾಲು ಹೊರಗೆ ಬಾರದೆ ಅಲ್ಲಿಯೇ ಉಳಿಯುತ್ತದೆ.

ನಮಗೆ ಇದು ಕ್ಷಣಕಾಲದ ಅನುಭವ. ಜಲವಾಸಿ ಸಸ್ತನಿಗಳಿಗೆ ದಿನನಿತ್ಯದ ಬವಣೆ. ಪೈಠಣದ ನೀರಿನಲ್ಲಿ ಅವು ಇಲ್ಲ. ಆದರೆ ಉತ್ತರದ ಗಂಗೆಯಲ್ಲಿ, 2009ರಲ್ಲಿ ರಾಷ್ಟ್ರೀಯ ಜಲಚರವೆಂದು ಘೋಷಿತವಾದ ಡಾಲ್ಫಿನ್ ಇದೆ. ಅದು ಬಹುತೇಕ ಕುರುಡು. ತಾನು ಹೊರಡಿಸಿದ ಸೂಕ್ಷ್ಮ ಧ್ವನಿಯ ಮರುದನಿಯಿಂದಲೇ ಮೀನನ್ನೂ ದಾರಿಯನ್ನೂ ಅರಿಯುತ್ತದೆ. ಆ ಮರುದನಿ ಗದ್ದಲದಲ್ಲಿ ಅಡಗಿಹೋದರೆ ಅದಕ್ಕೆ ಬೇರೆ ಕಣ್ಣಿಲ್ಲ.

ಬೆಂಗಳೂರಿನ ಏಟ್ರೀ ಸಂಸ್ಥೆಯ ಜಗದೀಶ ಕೃಷ್ಣಸ್ವಾಮಿ, ನಚಿಕೇತ ಕೇಳ್ಕರ್ ಮೊದಲಾದವರು ಬಿಹಾರದ ಗಂಗೆಯಲ್ಲಿ ನಡೆಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಹಡಗು ಹಾದುಹೋಗುವಾಗಿನ ತಾತ್ಕಾಲಿಕ ಸದ್ದಿಗೆ ಡಾಲ್ಫಿನ್‌ಗಳು ತಮ್ಮ ಧ್ವನಿಯ ಚಟುವಟಿಕೆಯನ್ನು ಹೆಚ್ಚಿಸಿದವು; ಎಡೆಬಿಡದ ಗದ್ದಲದಲ್ಲಿ ಕುಗ್ಗಿಸಿದವು. ಬೇಸಿಗೆಯಲ್ಲಿ ನದಿ ಬತ್ತಿ ಆಳ ಕಡಿಮೆಯಾದಾಗ ಅವುಗಳ ದೇಹಶ್ರಮ ಮತ್ತಷ್ಟು ಏರುತ್ತದೆ. ಜನ ಕಿಕ್ಕಿರಿದ ದಿನ ಬ್ಯಾಂಕಿನ ಕೌಂಟರಿನಲ್ಲಿ ಕೂಗಿ ಕೂಗಿ ದಣಿಯುವ ನಮಗೆ ಸಂಜೆಯಾದರೂ ಮನೆ ಉಂಟು. ಡಾಲ್ಫಿನ್‌ಗೆ ನದಿಯೇ ಮನೆ.

ಆದರೂ ಒಂದು ಸಮಾಧಾನವಿದೆ. ವಿಷವನ್ನು ನೀರಿಗೆ ಬಿಟ್ಟರೆ ವರ್ಷಗಟ್ಟಲೆ ಉಳಿಯುತ್ತದೆ. ಶಬ್ದ ನಿಲ್ಲಿಸಿದೊಡನೆ ಇಲ್ಲವಾಗುತ್ತದೆ. 2001ರ ಸೆಪ್ಟೆಂಬರ್ 11ರ ದುರಂತದ ಬಳಿಕ ಕೆನಡಾದ ಫಂಡಿ ಕೊಲ್ಲಿಯಲ್ಲಿ ಹಡಗು ಸಂಚಾರ ತಗ್ಗಿತು. ನೀರಿನ ಸದ್ದು ಸುಮಾರು 6 ಡೆಸಿಬೆಲ್‌ನಷ್ಟು ಇಳಿಯಿತು. ಅಲ್ಲಿನ ತಿಮಿಂಗಿಲಗಳ ಮಲದಲ್ಲಿ ದೊರೆಯುವ ಒತ್ತಡದ ಹಾರ್ಮೋನು ಕೂಡ ಇಳಿದುದು ಪರೀಕ್ಷೆಯಿಂದ ತಿಳಿಯಿತು. 2012ರಲ್ಲಿ ವಿಜ್ಞಾನಿಗಳು ಇದನ್ನು ಪ್ರಕಟಿಸಿದರು.

ಹಡಗಿನ ವೇಗ ತಗ್ಗಿಸುವುದು, ಹೆಚ್ಚು ಸದ್ದು ಮಾಡದ ಪ್ರೊಪೆಲರ್ ಅಳವಡಿಸುವುದು, ನದಿಯಲ್ಲಿ ಸಾಕಷ್ಟು ನೀರು ಹರಿಯಗೊಡುವುದು ಸಾಧ್ಯವಿರುವ ಪರಿಹಾರಗಳು. ನಮ್ಮ ಪಾಲಿನದೂ ಒಂದುಂಟು. ರಜೆಯಲ್ಲಿ ಊರಿಗೆ ಹೋದಾಗ ಕಾರವಾರದ ಕಡಲಿನಲ್ಲಿ ಮಕ್ಕಳಿಗೆ ಡಾಲ್ಫಿನ್ ತೋರಿಸಲು ದೋಣಿ ಹತ್ತುತ್ತೇವೆ. ಅವು ಕಂಡೊಡನೆ ಬೆನ್ನಟ್ಟಬೇಡಿರೆಂದು, ಅಂತರವಿಟ್ಟು ಯಂತ್ರ ನಿಲ್ಲಿಸಿರೆಂದು ದೋಣಿಯವರನ್ನು ಕೇಳಿಕೊಳ್ಳೋಣ. ಮಕ್ಕಳಿಗೆ ಅವುಗಳ ಉಸಿರಿನ ಸದ್ದೂ ಕೇಳಿಸೀತು.