ರಾಣೆಬೆನ್ನೂರು ಬಯಲಿನ ಕೃಷ್ಣಮೃಗಗಳ ಆಹಾರಕ್ರಮ

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ತಾಲ್ಲೂಕುಗಳು ಮಲೆನಾಡಿನ ಸೆರಗು ಮುಗಿದು ಬಯಲುಸೀಮೆ ತೆರೆದುಕೊಳ್ಳುವ ಪ್ರದೇಶದಲ್ಲಿವೆ. ಈ ಬಯಲಿನ ಸಹಜ ನಿವಾಸಿ ಕೃಷ್ಣಮೃಗ. ಜನರ ಬಾಯಲ್ಲಿ ಚಿಗರಿ. ಇದರ ರಕ್ಷಣೆಗಾಗಿ ರಾಣೆಬೆನ್ನೂರಿನಲ್ಲಿ 119 ಚದರ ಕಿಲೋಮೀಟರ್ ವಿಸ್ತಾರದ ಅಭಯಾರಣ್ಯ ಘೋಷಿತವಾದದ್ದು 1974ರಲ್ಲಿ. ಹಾವೇರಿ ಆಗ ಧಾರವಾಡ ಜಿಲ್ಲೆಯ ಭಾಗವಾಗಿತ್ತು.

ಕೃಷ್ಣಮೃಗವು ಮುಖ್ಯವಾಗಿ ಹುಲ್ಲು ಮೇಯುವ ಪ್ರಾಣಿ. ಆದರೆ ಎಲ್ಲ ಹುಲ್ಲೂ ಅದಕ್ಕೆ ಆಹಾರವಲ್ಲ. ಮೆಲುಕು ಹಾಕುವ ಪ್ರಾಣಿಗಳಲ್ಲಿ ದೇಹ ಚಿಕ್ಕದಾದಷ್ಟೂ ಮೇವಿನಲ್ಲಿ ಸತ್ವ ಹೆಚ್ಚಿರಬೇಕಾಗುತ್ತದೆ. ಎಮ್ಮೆಯು ಒರಟು ಹುಲ್ಲನ್ನು ತನ್ನ ದೊಡ್ಡ ಹೊಟ್ಟೆಯಲ್ಲಿ ಬಹುಕಾಲ ಹುದುಗಿಸಿ ಸಾರ ಹೀರಬಲ್ಲದು. ಮೂವತ್ತು ನಲವತ್ತು ಕಿಲೋ ತೂಗುವ ಚಿಗರಿಗೆ ಅದು ಅಷ್ಟಾಗಿ ಸಾಧ್ಯವಿಲ್ಲ. ಆದ್ದರಿಂದ ಅದು ಗಿಡ್ಡ, ಎಳೆಯ ಗರಿಗಳನ್ನು ಆಯ್ದು ಕಚ್ಚುತ್ತದೆ. ಗಿಡ್ಡ ಹುಲ್ಲಿನ ಬಯಲಿನಲ್ಲಿ ತೋಳವನ್ನು ದೂರದಿಂದಲೇ ಕಾಣಬಹುದೆಂಬುದು ಮತ್ತೊಂದು ಅನುಕೂಲ.

ಬೇಸಿಗೆಯಲ್ಲಿ ಹುಲ್ಲು ಒಣಗಿ ಸತ್ವ ಕಳೆದುಕೊಂಡಾಗ ಎಲೆ, ಕಾಯಿಗಳತ್ತ ಬಾಯಿ ಹಾಕುವುದು ಅನಿವಾರ್ಯ. ಬಳ್ಳಾರಿ ಜಾಲಿಯ ಸಿಹಿಗಾಯಿ ಇವುಗಳಲ್ಲಿ ಪ್ರಮುಖ. ಗುಜರಾತಿನ ವೇಳಾವದರದ ಅಧ್ಯಯನಗಳು ಒಂದು ಕುತೂಹಲಕರ ಅಂಶವನ್ನು ತೋರಿಸಿವೆ: ಗಡಿ ಕಾಯುವ ಗಂಡುಗಳು ಒಂದೇ ಸ್ಥಳದಲ್ಲಿ ಹಿಕ್ಕೆ ಹಾಕುವುದರಿಂದ ಜಾಲಿಯ ಬೀಜಗಳು ಅಲ್ಲಿ ರಾಶಿಯಾಗುತ್ತವೆ. ತನ್ನ ಹುಲ್ಲುಗಾವಲನ್ನು ನುಂಗುವ ಪೊದೆಯನ್ನು ಮೃಗವೇ ಬಿತ್ತಿದಂತಾಗುತ್ತದೆ!

ರಾಣೆಬೆನ್ನೂರಿನ ಸಮಸ್ಯೆಗೆ ಇನ್ನೊಂದು ಮುಖವಿದೆ. ಅಭಯಾರಣ್ಯದ ಬಹುಭಾಗವನ್ನು ಆವರಿಸಿದ್ದು ನೀಲಗಿರಿಯ ನೆಡುತೋಪು. ನೀಲಗಿರಿಯ ಎಲೆ ಚಿಗರಿಯ ಮೇವಲ್ಲ. ದಟ್ಟ ತೋಪಿನಡಿ ಹುಲ್ಲೂ ವಿರಳ. ಹೀಗಾಗಿ ಆಸರೆ ಒಳಗೆ, ಆಹಾರ ಹೊರಗೆ ಎಂಬ ಸ್ಥಿತಿ ಉಂಟಾಗುತ್ತದೆ. ಹೊರಗಿರುವುದು ರೈತನ ಹೊಲ. ಮುಂಗಾರಿನಲ್ಲಿ ಮೊಳೆತ ಗೋವಿನಜೋಳದ ಸಸಿಯಲ್ಲಿ ನಾರು ಕಡಿಮೆ, ಸತ್ವ ಹೆಚ್ಚು. ಚಿಗರಿ ಹುಡುಕುವುದೂ ಅದನ್ನೇ. ಗೋವಿನಜೋಳದ ಬೆಳವಣಿಗೆಯ ಕುಡಿ ಐದಾರು ಎಲೆ ಬಿಡುವವರೆಗೆ ನೆಲದೊಳಗೇ ಇರುವುದರಿಂದ ಒಮ್ಮೆ ಮೇಯ್ದ ಸಸಿ ಚೇತರಿಸಿಕೊಳ್ಳಬಹುದು. ಮರಳಿ ಮರಳಿ ಮೇಯ್ದರೆ, ಗೊರಸಿನಡಿ ಕಿತ್ತುಬಂದರೆ, ಮರುಬಿತ್ತನೆಯೊಂದೇ ದಾರಿ. ಬೀಜದ ಬೆಲೆಯ ಜೊತೆಗೆ ಮಳೆಯ ಹದವೂ ಕೈತಪ್ಪುತ್ತದೆ. ಕೊಯ್ಲಿನ ಹೊತ್ತಿಗೆ ಇಳುವರಿಯನ್ನಷ್ಟೇ ಅಳೆದರೆ ಈ ನಷ್ಟ ಲೆಕ್ಕಕ್ಕೆ ಸಿಗದು ಎಂಬುದು ಈ ಲೇಖಕನ ಅಭಿಪ್ರಾಯ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಈ ಪ್ರಾಣಿಯನ್ನು ಕೊಲ್ಲುವಂತಿಲ್ಲ. ರೈತನಿಗೆ ಉಳಿಯುವುದು ಹೊಲ ಕಾಯುವ ಕೆಲಸ. ಅಭಯಾರಣ್ಯದೊಳಗೆ ನೀಲಗಿರಿ ತೆರವಾಗಿ ಹುಲ್ಲು ಮರಳಿದರೆ ಈ ಹೊರೆ ಎಷ್ಟು ತಗ್ಗೀತೆಂಬುದು ಕ್ಷೇತ್ರಾಧ್ಯಯನಕ್ಕೆ ಯೋಗ್ಯವಾದ ಪ್ರಶ್ನೆ. ಇದೇ ತೆರೆದ ಬಯಲನ್ನು ನೆಚ್ಚಿದ್ದ ಎರ್ಲಡ್ಡು ಹಕ್ಕಿ ಇಲ್ಲಿಂದ ಆಗಲೇ ಮರೆಯಾಗಿದೆ.