ಪರದೆಯ ಮೇಲಿನ ಮಾತು, ಪೊಟ್ಟಣದೊಳಗಿನ ಮಾಲು



ವಿಜಯಪುರದ ಪೇಟೆಯಲ್ಲಿ ಒಣದ್ರಾಕ್ಷಿ ಕೊಳ್ಳುವವರನ್ನು ನೀವು ನೋಡಿರಬಹುದು. ಮೊದಲು ನಾಲ್ಕು ಕಾಳುಗಳನ್ನು ಅಂಗೈಗೆ ಹಾಕಿಕೊಳ್ಳುತ್ತಾರೆ. ಬಣ್ಣ ನೋಡುತ್ತಾರೆ, ಬೆರಳಲ್ಲಿ ಒತ್ತುತ್ತಾರೆ, ಒಂದನ್ನು ಬಾಯಿಗೆ ಹಾಕಿಕೊಳ್ಳುತ್ತಾರೆ. "ಇದು ಈ ವರ್ಷದ ಮಾಲೇನ್ರೀ?" ಎಂದು ಕೇಳುತ್ತಾರೆ. ಮನಸ್ಸಿಗೆ ಬಂದರೆ ಮಾತ್ರ ತೂಕದ ಮಾತು.

ಅದೇ ಒಣದ್ರಾಕ್ಷಿಯನ್ನು ಮಂಗಳೂರಿನಲ್ಲಿರುವ ಗ್ರಾಹಕರೊಬ್ಬರು ಮೊಬೈಲಿನಲ್ಲಿ ನೋಡಿ ಕೊಳ್ಳುವಾಗ ಏನಾಗುತ್ತದೆ? ಅಲ್ಲಿ ಮುಟ್ಟಿ ನೋಡುವಂತಿಲ್ಲ, ರುಚಿ ನೋಡುವಂತಿಲ್ಲ. ಅವರ ಮುಂದಿರುವುದು ಒಂದು ಚಿತ್ರ, ಒಂದು ಹೆಸರು, ಒಂದು ಬೆಲೆ ಮತ್ತು ನಾಲ್ಕು ಸಾಲಿನ ವಿವರ. ಅಂಗಡಿಯಲ್ಲಾದರೆ ತಪ್ಪು ಮಾತನ್ನು ಅಲ್ಲೇ ತಿದ್ದಿಕೊಳ್ಳಬಹುದು. ಪರದೆಯ ಮೇಲಿನ ತಪ್ಪನ್ನು ತಿದ್ದಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ಆದ್ದರಿಂದ ಆನ್‌ಲೈನ್ ಅಂಗಡಿಯಲ್ಲಿ ಬರೆದ ಪ್ರತಿಯೊಂದು ಅಕ್ಷರವೂ ಮಾರುವವನು ಕೊಟ್ಟ ಮಾತು. ಆ ಮಾತನ್ನು ದಿನದಿನವೂ ನಿಜವಾಗಿ ಇಟ್ಟುಕೊಳ್ಳುವುದು ಹೇಗೆ ಎಂಬುದೇ ಇಲ್ಲಿನ ವಿಷಯ.

ಜಾಹೀರಾತು ಹುಟ್ಟುವ ಬಗೆ

ವಿಜಯಪುರದಿಂದ ಅಥಣಿ ಕಡೆಗೆ ಹೋದರೆ ತಿಕೋಟಾ, ಜಮಖಂಡಿ ಕಡೆಗೆ ಹೋದರೆ ಬಬಲೇಶ್ವರ. ಎರಡೂ ದ್ರಾಕ್ಷಿಯ ನಾಡು. ಇಲ್ಲಿಯ ರೈತರು ಹಣ್ಣಿನ ಗೊಂಚಲುಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಎಣ್ಣೆ ಬೆರೆತ ನೀರಿನಲ್ಲಿ ಅದ್ದಿ, ನೆರಳಿನಲ್ಲಿ ಬಲೆಯ ಹಂತಗಳ ಮೇಲೆ ಒಣಗಿಸುತ್ತಾರೆ. ಸುಮಾರು ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಒಣದ್ರಾಕ್ಷಿ ಸಿಗುತ್ತದೆ. ಈ ಭಾಗದವರು ಅದನ್ನು ಮಣೂಕ ಎನ್ನುತ್ತಾರೆ. ಬಹಳಷ್ಟು ಮಾಲು ಮೂಟೆಗಟ್ಟಲೆ ವಿಜಯಪುರದ ಮಾರುಕಟ್ಟೆಗೋ ಮಹಾರಾಷ್ಟ್ರದ ಸಾಂಗಲಿ, ತಾಸಗಾಂವಗಳಿಗೋ ಹೋಗುತ್ತದೆ. ಅದರಲ್ಲಿ ಒಂದಿಷ್ಟನ್ನು ಸ್ವತಃ ಪೊಟ್ಟಣ ಕಟ್ಟಿ ನೇರವಾಗಿ ಗ್ರಾಹಕನಿಗೆ ಮಾರಬೇಕೆನ್ನುವ ಮನೆಗೆ ಆನ್‌ಲೈನ್ ಅಂಗಡಿ ಒಂದು ದಾರಿ.

ಆದರೆ ಅಂಗಡಿ ತೆರೆದ ಮಾತ್ರಕ್ಕೆ ಗ್ರಾಹಕ ಬರುವುದಿಲ್ಲ, ಅವನಿಗೆ ತಿಳಿಸಬೇಕು. ಗೂಗಲ್‌ನಲ್ಲಿ "ಒಣದ್ರಾಕ್ಷಿ" ಎಂದು ಹುಡುಕಿದಾಗ ಚಿತ್ರ, ಬೆಲೆ, ಅಂಗಡಿಯ ಹೆಸರುಗಳೊಡನೆ ಸಾಲಾಗಿ ಕಾಣುವವು ಇಂತಹ ಖರೀದಿ ಜಾಹೀರಾತುಗಳು. ಇವನ್ನು ಪತ್ರಿಕೆಯ ಜಾಹೀರಾತಿನಂತೆ ಯಾರೂ ಕುಳಿತು ಬರೆಯುವುದಿಲ್ಲ. ಅಂಗಡಿಯವನು ತನ್ನ ಸರಕುಗಳ ಪಟ್ಟಿಯೊಂದನ್ನು ಮರ್ಚೆಂಟ್ ಸೆಂಟರ್ ಎಂಬ ಖಾತೆಗೆ ಕಳುಹಿಸುತ್ತಾನೆ. ಪ್ರತಿ ಸರಕಿಗೆ ಒಂದು ಸಾಲು. ಪ್ರತಿ ಸಾಲಿನಲ್ಲಿ ಗುರುತಿನ ಸಂಖ್ಯೆ, ಹೆಸರು, ವಿವರಣೆ, ಚಿತ್ರ, ಬೆಲೆ, ದಾಸ್ತಾನು ಇದೆಯೋ ಇಲ್ಲವೋ ಎಂಬ ಕಲಮುಗಳು. ಗಣಕಯಂತ್ರ ಈ ಪಟ್ಟಿಯನ್ನು ಓದಿ ಜಾಹೀರಾತನ್ನು ತಾನೇ ಕಟ್ಟುತ್ತದೆ. ಅಂದರೆ ಪಟ್ಟಿಯೇ ಬೀಜ, ಜಾಹೀರಾತು ಅದರ ಬೆಳೆ. ಪಟ್ಟಿಯಲ್ಲಿ ಒಂದು ಸೊನ್ನೆ ತಪ್ಪಿದರೆ ಆ ತಪ್ಪು ಸಾವಿರ ಪರದೆಗಳ ಮೇಲೆ ಮೂಡುತ್ತದೆ.

ಮೂರು ಕಡೆ ಒಂದೇ ಮಾತು

ಇಲ್ಲಿ ನೆನಪಿಡಬೇಕಾದ ಸೂತ್ರ ಒಂದೇ: ಪೊಟ್ಟಣದ ಮೇಲೆ, ಅಂಗಡಿಯ ಪುಟದಲ್ಲಿ ಮತ್ತು ಜಾಹೀರಾತಿನ ಪಟ್ಟಿಯಲ್ಲಿ ಒಂದೇ ಮಾತು ಇರಬೇಕು. ಗೂಗಲ್‌ನ ಯಂತ್ರ ಪಟ್ಟಿಯ ಬೆಲೆಯನ್ನೂ ಅಂಗಡಿ ಪುಟದ ಬೆಲೆಯನ್ನೂ ತಾಳೆ ನೋಡುತ್ತದೆ. ಹೊಂದದಿದ್ದರೆ ಆ ಸರಕಿನ ಜಾಹೀರಾತು ನಿಲ್ಲುತ್ತದೆ. ತಪ್ಪು ಮುಂದುವರಿದರೆ ಇಡೀ ಖಾತೆಗೇ ತಡೆ ಬೀಳಬಹುದು. ಚಿಕ್ಕಪುಟ್ಟ ವ್ಯತ್ಯಾಸಗಳನ್ನು ಯಂತ್ರ ತಾನೇ ತಿದ್ದಿಕೊಳ್ಳುವ ಏರ್ಪಾಟೂ ಉಂಟು. ಆದರೆ ಅದು ಬಿದ್ದವರನ್ನು ಎತ್ತುವ ಕೈ, ನಡೆಯುವ ಕಾಲಲ್ಲ. ಹೊಸ ಮಾಹಿತಿ ಬಾರದ ಸಾಲು 30 ದಿನಗಳಲ್ಲಿ ಅವಧಿ ಮೀರಿ ಬಿದ್ದುಹೋಗುತ್ತದೆ ಎಂಬುದೂ ನೆನಪಿರಲಿ.

ಒಂದು ಲೆಕ್ಕ ಮಾಡೋಣ. ಇಂತಹ ಜಾಹೀರಾತಿಗೆ ಸಾಮಾನ್ಯವಾಗಿ ಗ್ರಾಹಕ ಒತ್ತಿದಾಗಲೆಲ್ಲ ಹಣ ಕೊಡಬೇಕು. ಒಂದು ಒತ್ತಿಗೆ 4 ರೂಪಾಯಿ ಎಂದಿಟ್ಟುಕೊಳ್ಳಿ. ಶನಿವಾರ ಸಂಜೆ ಅರ್ಧ ಕಿಲೋ ಪೊಟ್ಟಣಗಳು ಮುಗಿದವು. ಪಟ್ಟಿಯಲ್ಲಿ ಮಾತ್ರ "ದಾಸ್ತಾನು ಇದೆ" ಎಂದೇ ಉಳಿಯಿತು. ಸೋಮವಾರ ಬೆಳಗಿನೊಳಗೆ 150 ಜನ ಒತ್ತಿ, ಮಾಲಿಲ್ಲವೆಂದು ತಿರುಗಿ ಹೋದರು. 600 ರೂಪಾಯಿ ವ್ಯರ್ಥವಾಯಿತು. ಒಂದು ಪೊಟ್ಟಣಕ್ಕೆ 40 ರೂಪಾಯಿ ಲಾಭವಿದ್ದರೆ 15 ಪೊಟ್ಟಣಗಳ ಲಾಭ ಹೋದಂತೆ. ಪುಟವೂ ತಪ್ಪು ಹೇಳಿ ಗ್ರಾಹಕರು ಮುಂಗಡವಾಗಿ ಹಣ ಕಟ್ಟಿದ್ದರೆ, ಹಣ ಹಿಂದಿರುಗಿಸುವ ಕೆಲಸ ಬೇರೆ, ಹೋದ ನಂಬಿಕೆ ಬೇರೆ.

ತೂಕದ ತಪ್ಪು ಇನ್ನೂ ಸೂಕ್ಷ್ಮ. 250 ಗ್ರಾಂ ಪೊಟ್ಟಣಕ್ಕೆ 120 ರೂಪಾಯಿ, 500 ಗ್ರಾಂಗೆ 230 ರೂಪಾಯಿ ಎಂದಿರಲಿ. ಮೊದಲನೆಯದು ಗ್ರಾಂಗೆ 48 ಪೈಸೆ, ಎರಡನೆಯದು 46 ಪೈಸೆ. ಎರಡನ್ನೂ ಒಂದೇ ಸಾಲಿನಲ್ಲಿ ತುರುಕಿ, 500 ಗ್ರಾಂ ಪೊಟ್ಟಣದ ಚಿತ್ರದ ಕೆಳಗೆ 120 ರೂಪಾಯಿ ಎಂದು ಹಾಕಿದರೆ ಗ್ರಾಹಕ ಮೋಸ ಹೋದೆನೆಂದು ತಿಳಿಯುವುದು ಸಹಜ. ಪ್ರತಿ ತೂಕಕ್ಕೂ ಪ್ರತ್ಯೇಕ ಸಾಲು, ಪ್ರತ್ಯೇಕ ಚಿತ್ರ ಇರಬೇಕು. ಸಾಗಣೆ ವೆಚ್ಚವನ್ನೂ ಮೊದಲೇ ತಿಳಿಸಬೇಕು. ಕೊನೆಯ ಗಳಿಗೆಯಲ್ಲಿ 70 ರೂಪಾಯಿ ಸೇರಿಸುವುದು ಸರಿಯಲ್ಲ.

ಮಾಲಿನ ನಿಜ ರೂಪ

ಒಣದ್ರಾಕ್ಷಿ ಕಾರ್ಖಾನೆಯ ಮೊಳೆಯಂತಲ್ಲ. ಒಂದೇ ತೋಟದ ಮಾಲಿನಲ್ಲೂ ಹಸಿರು ಛಾಯೆಯದು, ಹೊಂಬಣ್ಣದ್ದು, ಕಂದು ಬಣ್ಣದ್ದು ಇರುತ್ತದೆ. ಶೈತ್ಯಾಗಾರದಲ್ಲಿ ಇಟ್ಟದ್ದನ್ನು ತಿಂಗಳುಗಟ್ಟಲೆ ಮಾರುತ್ತಾರೆ. ಆದ್ದರಿಂದ ಹೊಸ ಸುಗ್ಗಿಯ ಹೊಂಬಣ್ಣದ ಕಾಳಿನ ಚಿತ್ರ ಹಾಕಿ, ಹಿಂದಿನ ವರ್ಷದ ಕಂದು ಮಾಲು ಕಳುಹಿಸಬಾರದು. ತಂಡ ಬದಲಾದಾಗ ಚಿತ್ರವೂ ಬದಲಾಗಬೇಕು. ಹೊಸ ಮಾಲು ಇನ್ನೂ ಬರಬೇಕಿದ್ದರೆ "ಮುಂಗಡ ಬೇಡಿಕೆ" ಎಂಬ ಆಯ್ಕೆ ಪಟ್ಟಿಯಲ್ಲಿಯೇ ಉಂಟು. ಮಾಲು ಸಿಗುವ ದಿನಾಂಕವನ್ನು ಅಲ್ಲಿ ಬರೆಯಬಹುದು.

ವಿವರಣೆಯ ಪದಗಳಲ್ಲೂ ಎಚ್ಚರ ಬೇಕು. ಹೊಂಬಣ್ಣ ಉಳಿಯಲೆಂದು ಗಂಧಕದ ಹೊಗೆ ಕೊಟ್ಟ ಮಾಲನ್ನು "ರಾಸಾಯನಿಕ ಮುಕ್ತ" ಎನ್ನುವುದು ಸುಳ್ಳು. "ಸಾವಯವ" ಎಂಬ ಪದಕ್ಕೆ 2017ರ ಆಹಾರ ಸುರಕ್ಷತಾ ನಿಯಮಗಳಿವೆ. ಆಧಾರವಿಲ್ಲದೆ ಅದನ್ನು ಬಳಸಬಾರದು.

ಸರಕಿನ ಗುರುತಿನ ಸಂಖ್ಯೆಯೂ ಅಷ್ಟೇ ಮುಖ್ಯ. ನಿಮ್ಮ ಪೆನ್ನಿನ ಪೆಟ್ಟಿಗೆಯ ಮೇಲೆ ಗೆರೆಗಳ ಕೆಳಗೆ 13 ಅಂಕಿಗಳನ್ನು ನೋಡಿದ್ದೀರಿ. ಇಂತಹ ಗೆರೆಗಳನ್ನು ಅಂಗಡಿಯ ಯಂತ್ರ ಮೊದಲು ಓದಿದ್ದು 1974ರ ಜೂನ್ 26ರಂದು, ಅಮೆರಿಕದ ಓಹಾಯೋ ರಾಜ್ಯದ ಟ್ರಾಯ್ ಊರಿನಲ್ಲಿ; ಅಂದು ಮಾರಾಟವಾದದ್ದು ಚೂಯಿಂಗ್ ಗಮ್ ಪೊಟ್ಟಣ. 890ರಿಂದ ಆರಂಭವಾಗುವ ಸಂಖ್ಯೆ ಭಾರತದ ಸಂಸ್ಥೆಯಲ್ಲಿ ನೋಂದಣಿಯಾದದ್ದು. ಸರಕು ಭಾರತದಲ್ಲೇ ತಯಾರಾಯಿತೆಂದು ಅದರ ಅರ್ಥವಲ್ಲ. ಕೊನೆಯ ಅಂಕಿ ತಾಳೆಯ ಅಂಕಿ. ಉದಾಹರಣೆಗೆ 890123456789 ಎಂಬ 12 ಅಂಕಿಗಳಲ್ಲಿ ಬೆಸ ಸ್ಥಾನಗಳ ಮೊತ್ತ 28. ಸಮ ಸ್ಥಾನಗಳ ಮೊತ್ತ 34. ಅದನ್ನು 3ರಿಂದ ಗುಣಿಸಿದರೆ 102. ಎರಡೂ ಸೇರಿ 130. ಇದು ಹತ್ತರಿಂದ ನಿಶ್ಶೇಷವಾಗಿ ಭಾಗವಾಗುವುದರಿಂದ ತಾಳೆಯ ಅಂಕಿ 0. ಹೀಗೆ ಯಂತ್ರ ತಪ್ಪು ಸಂಖ್ಯೆಯನ್ನು ಹಿಡಿಯುತ್ತದೆ. ಸಂಖ್ಯೆ ಪಡೆಯದ ಸಣ್ಣ ಮಾರಾಟಗಾರ ಆ ಕಲಮನ್ನು ಖಾಲಿ ಬಿಡಲಿ. ಬೇರೆ ಸರಕಿನ ಸಂಖ್ಯೆ ಎರವಲು ತರುವುದು ಬೇಡ.

ಊರಿನ ಹೆಸರು, ಕಾನೂನಿನ ಕಣ್ಣು

2014ರ ನವೆಂಬರ್ 1ರಿಂದ ಬಿಜಾಪುರ ಅಧಿಕೃತವಾಗಿ ವಿಜಯಪುರವಾಯಿತು. ಛತ್ತೀಸಗಢದಲ್ಲಿ ಇನ್ನೊಂದು ಬಿಜಾಪುರವಿದೆ. ತಿಕೋಟಾ, ಬಬಲೇಶ್ವರ ಹಿಂದೆ ವಿಜಯಪುರ ತಾಲ್ಲೂಕಿನಲ್ಲಿದ್ದವು. ಈಗ ಸ್ವತಂತ್ರ ತಾಲ್ಲೂಕುಗಳು. ಆದ್ದರಿಂದ ಪೊಟ್ಟಣದಲ್ಲಿ ಒಂದು ವಿಳಾಸ, ಪುಟದಲ್ಲಿ ಇನ್ನೊಂದು ವಿಳಾಸ ಆಗದಂತೆ ಊರು, ತಾಲ್ಲೂಕು, ಜಿಲ್ಲೆ, ರಾಜ್ಯ, ಪಿನ್‌ಕೋಡ್‌ಗಳನ್ನು ಒಂದೇ ರೀತಿ ಬರೆಯಬೇಕು. ಹಳೆಯ ಹೆಸರಿನಲ್ಲಿ ಹುಡುಕುವವರಿಗಾಗಿ ವಿವರಣೆಯಲ್ಲಿ ಒಮ್ಮೆ ಅದನ್ನು ಸೂಚಿಸಿದರೆ ತಪ್ಪಿಲ್ಲ. ಬೇರೆಡೆಯ ಮಾಲಿಗೆ ಮಾತ್ರ ಈ ಊರಿನ ಹೆಸರು ಅಂಟಿಸಬಾರದು. ಹಾಗೆ ಮಾಡಿದರೆ ಬಿಸಿಲಲ್ಲಿ ದುಡಿದ ತಿಕೋಟಾದ ರೈತನ ಹೆಸರಿಗೇ ಕುಂದು.

ಇದು ಬರಿಯ ನೀತಿಯ ಮಾತಲ್ಲ. 2011ರ ಕಾನೂನು ಮಾಪನ ಪೊಟ್ಟಣ ಸರಕು ನಿಯಮಗಳಿಗೆ ಆದ ತಿದ್ದುಪಡಿ 2018ರ ಜನವರಿ 1ರಿಂದ ಜಾರಿಗೆ ಬಂದಿತು. ತಯಾರಕ ಅಥವಾ ಪೊಟ್ಟಣ ಕಟ್ಟಿದವರ ಹೆಸರು, ವಿಳಾಸ, ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ಆಮದು ಸರಕಾದರೆ ಮೂಲ ದೇಶ ಮುಂತಾದ ವಿವರಗಳು ಪರದೆಯ ಮೇಲೂ ಕಾಣಬೇಕೆಂದು ಅದು ವಿಧಿಸಿತು. ಹಲವು ಮಾರಾಟಗಾರರು ಸೇರುವ ಆನ್‌ಲೈನ್ ಸಂತೆಯಲ್ಲಿ ಈ ವಿವರಗಳು ಸರಿಯಾಗಿರುವ ಹೊಣೆ ಮುಖ್ಯವಾಗಿ ತಯಾರಕನ ಅಥವಾ ಮಾರುವವನ ಮೇಲೆಯೇ ಬೀಳುತ್ತದೆ. 2020ರಲ್ಲಿ ಇ-ವಾಣಿಜ್ಯಕ್ಕೆಂದೇ ಗ್ರಾಹಕ ರಕ್ಷಣಾ ನಿಯಮಗಳು ಬಂದವು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಗ್ರಾಹಕರು 1915 ಸಂಖ್ಯೆಗೆ ಕರೆ ಮಾಡಿ ದೂರು ಕೊಡಬಹುದು.

ನಿಮ್ಮ ಪಾಲಿನ ಕೆಲಸ

ಅನೇಕ ಮನೆಗಳಲ್ಲಿ ಬೆಳೆ ಬೆಳೆಯುವವರು ಹಿರಿಯರು, ಮೊಬೈಲಿನಲ್ಲಿ ಪಟ್ಟಿ ತುಂಬುವವರು ಕಾಲೇಜಿಗೆ ಹೋಗುವ ಮಕ್ಕಳು. ಅಂದರೆ ಮನೆಯ ಮಾತಿನ ಲೇಖನಿ ನಿಮ್ಮ ಕೈಯಲ್ಲಿದೆ. ಒಂದು ನೋಟ್‌ಬುಕ್ ಇಡಿ. ಪ್ರತಿ ಬಗೆಯ ಪೊಟ್ಟಣಕ್ಕೆ ಬದಲಾಗದ ಒಂದು ಸಂಖ್ಯೆ ಕೊಡಿ. ದಿನವೂ ಗೊತ್ತಾದ ಹೊತ್ತಿನಲ್ಲಿ ಪೊಟ್ಟಣಗಳನ್ನು ಎಣಿಸಿ, ಎಣಿಕೆಯಂತೆ ಪಟ್ಟಿ ತಿದ್ದಿ. ಬೆಲೆ ಬದಲಿಸುವಾಗ ಪುಟವನ್ನೂ ಪಟ್ಟಿಯನ್ನೂ ಒಂದೇ ಕೂತಿನಲ್ಲಿ ಬದಲಿಸಿ. ಹೊಸ ಬೆಲೆ ಪೊಟ್ಟಣದ ಗರಿಷ್ಠ ಬೆಲೆಯನ್ನು ಮೀರದಿರಲಿ. ಮರಳಿ ಬಂದ ಪ್ರತಿ ಪೊಟ್ಟಣಕ್ಕೂ ಕಾರಣ ಬರೆದಿಡಿ. "ಚಿತ್ರದಲ್ಲಿದ್ದಂತಿಲ್ಲ" ಎಂಬ ಮಾತು ಎರಡು ಸಲ ಬಂದರೆ ಬದಲಾಗಬೇಕಾದದ್ದು ಚಿತ್ರ.

ಈ ವಾರ ಒಂದು ಪ್ರಯೋಗ ಮಾಡಿ. ನಿಮ್ಮ ಮನೆಯಲ್ಲಿರುವ ಯಾವುದಾದರೂ ಆಹಾರದ ಪೊಟ್ಟಣ ತೆಗೆದುಕೊಳ್ಳಿ. ಅದರ ಹೆಸರು, ನಿವ್ವಳ ತೂಕ, ಗರಿಷ್ಠ ಬೆಲೆ, ಆಹಾರ ಪರವಾನಗಿಯ 14 ಅಂಕಿಗಳು ಮತ್ತು ವಿಳಾಸವನ್ನು ಒಂದು ಹಾಳೆಯಲ್ಲಿ ಬರೆಯಿರಿ. ಅದೇ ಸರಕನ್ನು ಮೂರು ಆನ್‌ಲೈನ್ ಅಂಗಡಿಗಳಲ್ಲಿ ಹುಡುಕಿ, ವಿವರಗಳನ್ನು ಪಕ್ಕಪಕ್ಕದ ಕಲಮುಗಳಲ್ಲಿ ತುಂಬಿ. ಎಲ್ಲೆಲ್ಲಿ ಮಾತು ಬೇರೆಯಾಗಿದೆಯೋ ಅಲ್ಲಿ ಕೆಂಪು ಗೆರೆ ಎಳೆಯಿರಿ, ಆ ತಪ್ಪಿನಿಂದ ಯಾರಿಗೆ ಎಷ್ಟು ನಷ್ಟ ಎಂದು ತರಗತಿಯಲ್ಲಿ ಚರ್ಚಿಸಿ.